ಸೊನ್ನೆ, ಸೊನ್ನೆ, ಎರಡು: ಪಿಕಲ್‌ಬಾಲ್ ಕಲಿಸಿದ ನಾಯಕತ್ವ



ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಹೋದ ತಿಂಗಳು ನಾನು ಆಡಿದ ಹತ್ತು ನಿಮಿಷದ ಮಾತು ಇದು. ಪ್ರಸಾರವಾದ ಮೇಲೆ ಕೆಲವರು ಫೋನ್ ಮಾಡಿ, 'ಲೋಕಲ್ಲಿನ ಗದ್ದಲದಲ್ಲಿ ಅರ್ಧವೇ ಕೇಳಿಸಿತು, ಬರೆದು ಕೊಡಿ' ಎಂದರು. ಬರೆಯಲು ಕೂತಾಗ, ಮೈಕಿನ ಮುಂದೆ ವೇಳೆ ಸಾಲದೆ ಬಿಟ್ಟಿದ್ದ ಒಂದೆರಡು ಸಂಗತಿಗಳೂ ಸೇರಿಕೊಂಡಿವೆ. ಓದುವಾಗಲೂ ನನ್ನ ದನಿಯೇ ಕಿವಿಗೆ ಬಿದ್ದರೆ ಅದು ನಿಮ್ಮ ಅಭ್ಯಾಸಬಲ!

ಆ ವಾರದ ವಿಷಯ 'ನಾಯಕತ್ವ'. ಸಾಮಾನ್ಯವಾಗಿ ಇಂಥ ವಿಷಯಕ್ಕೆ ನಾವು ಕಂಪನಿಯ ಅಧಿಕಾರಿಗಳನ್ನೋ ಕಾಲೇಜಿನ ಪ್ರಾಂಶುಪಾಲರನ್ನೋ ಕರೆಯುತ್ತೇವೆ. ಅವತ್ತು ಬರಬೇಕಾಗಿದ್ದವರಿಗೆ ಜ್ವರ. ಕೊನೆಗಳಿಗೆಯಲ್ಲಿ ಆ ಜಾಗ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಠಾಣೆ ಸ್ಟೇಷನ್ನಿನ ಪುಸ್ತಕದಂಗಡಿಯಲ್ಲಿ ನಾಯಕತ್ವದ ಬಗ್ಗೆ ಸಾಲುಸಾಲು ಪುಸ್ತಕಗಳಿರುವುದನ್ನು ನೀವೂ ನೋಡಿರುತ್ತೀರಿ. ಮುಖಪುಟದ ಮೇಲೆ ಸಿಂಹ, ಹದ್ದು, ಇಲ್ಲವೇ ಬೆಟ್ಟದ ತುದಿಯಲ್ಲಿ ಕೈ ಕಟ್ಟಿ ನಿಂತ ಗಂಡಸು. ನಾನು ಒಂದನ್ನೂ ಪೂರ್ತಿ ಓದಿದವಳಲ್ಲ. ಕನ್ನಡ ಬಿ.ಎ. ಮಾಡಿ ಮೈಕಿನ ಮುಂದೆ ಬಂದವಳು. ಮೂರೇ ಜನರ ಕನ್ನಡ ವಿಭಾಗಕ್ಕೆ ಮುಖ್ಯಸ್ಥೆ. ಹಾಗಾಗಿ ನನಗೆ ಗೊತ್ತಿದ್ದ ಒಂದನ್ನೇ ಹೇಳಿದೆ: ನೌಪಾಡಾದ ನಮ್ಮ ಕಟ್ಟಡದ ಅಂಗಳದಲ್ಲಿ ನಡೆಯುವ ಪಿಕಲ್‌ಬಾಲ್ ಆಟದ ಕತೆ.

ನೌಪಾಡಾ ಗೊತ್ತಿರುವವರಿಗೆ ನಮ್ಮ ಕಟ್ಟಡ ವಿವರಿಸಬೇಕಾಗಿಲ್ಲ. ಗೋಖಲೆ ರಸ್ತೆಗೂ ರಾಮ ಮಾರುತಿ ರಸ್ತೆಗೂ ನಡುವಿನ ಗಲ್ಲಿಗಳಲ್ಲಿ ಇನ್ನೂ ಉಳಿದುಕೊಂಡಿರುವ, 'ರೀಡೆವಲಪ್‌ಮೆಂಟ್ ಯಾವಾಗ' ಎಂದು ದಿನಾ ಮಾತಾಡಿಕೊಳ್ಳುವ, ಲಿಫ್ಟ್ ಇಲ್ಲದ ನಾಲ್ಕು ಮಹಡಿ. ಅಂಗಳದಲ್ಲಿ ಯಾವ ಕಾಲದಲ್ಲೋ ಯಾರೋ ಬ್ಯಾಡ್ಮಿಂಟನ್ ಕೋರ್ಟಿನ ಗೆರೆ ಬಳಿದಿದ್ದರು. ಆಮೇಲೆ ಗೆರೆಯ ಮೇಲೆ ಕಾರುಗಳು ಬಂದು ನಿಂತವು. ಗಾಳಿಗೆ ಶಟಲ್ ಪಕ್ಕದ ಕಟ್ಟಡದ ಗ್ಯಾಲರಿಗೆ ಹಾರುತ್ತಿತ್ತಾದ್ದರಿಂದ ಆಟವೂ ನಿಂತಿತು.

ಪಿಕಲ್‌ಬಾಲಿಗೆ ಬೇಕಾಗುವ ಅಂಗಳವೂ ಬ್ಯಾಡ್ಮಿಂಟನ್ ಡಬಲ್ಸಿನಷ್ಟೇ: 20 ಅಡಿ ಅಗಲ, 44 ಅಡಿ ಉದ್ದ. ಬಲೆಯನ್ನು ಮಾತ್ರ ತಗ್ಗಿಸಬೇಕು. ಬದಿಗಳಲ್ಲಿ 36 ಅಂಗುಲ, ನಡುವೆ 34. ಚೆಂಡು ಪ್ಲಾಸ್ಟಿಕ್ಕಿನದು, ಮೈಯೆಲ್ಲ ತೂತು; ಶಟಲ್‌ನಷ್ಟು ಗಾಳಿಗೆ ಹೆದರುವುದಿಲ್ಲ. ಹಿಡಿಯುವ ಪ್ಯಾಡಲ್ ಟೇಬಲ್ ಟೆನಿಸ್ ಬ್ಯಾಟಿನ ಅಣ್ಣನ ಹಾಗಿರುತ್ತದೆ. ಮೂರು ವರ್ಷದ ಹಿಂದೆ ಎರಡನೇ ಮಹಡಿಯ ಹುಡುಗನೊಬ್ಬ ನಾಲ್ಕು ಪ್ಯಾಡಲ್ ತಂದ. ಅಳೆದು ನೋಡಿದರೆ ಹಳೆಯ ಗೆರೆಗಳೇ ಸಾಕು! ಬಲೆಯ ಎರಡೂ ಕಡೆ ಏಳೇಳು ಅಡಿಗೆ ಹೊಸದಾಗಿ ಒಂದೊಂದು ಗೆರೆ ಎಳೆದರೆ ಆಯಿತು. ಎರಡು ಕಾರುಗಳನ್ನು ರಸ್ತೆಗೆ ತೆಗೆಸಬೇಕು, ಅಷ್ಟೇ.

ಮಲ್ಲೇಶ್ವರದವರಿಗೆ ಇಲ್ಲಿ ಇನ್ನೊಂದು ಅಂಗಳ ನೆನಪಾಗಬಹುದು. ಪ್ರಕಾಶ್ ಪಡುಕೋಣೆ ಬಾಲ್ಯದಲ್ಲಿ ಆಡಿದ್ದು ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ. ಅವತ್ತು ಮದುವೆ ಇದ್ದರೆ ಆಟವಿಲ್ಲ. ಇಲ್ಲದಿದ್ದರೆ ಶಾಲೆಯಿಂದ ಬಂದವರೇ ಓಡಬೇಕು. ಆ ಹಾಲಿನಿಂದ ಹೊರಟವರು 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ನಮ್ಮಲ್ಲಿ ಮದುವೆಯ ಜಾಗದಲ್ಲಿ ಕಾರು. ಮುಂದಿನ ಹೋಲಿಕೆ ಬೇಡ!

ಆಟದ ಹುಟ್ಟಿನ ಕತೆ ಸೊಗಸಾಗಿದೆ. 1965ರ ಬೇಸಿಗೆ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಜ್ ದ್ವೀಪ. ಜೋಯಲ್ ಪ್ರಿಚರ್ಡ್ ಎಂಬವರ ಮನೆಯಲ್ಲಿ ಮಕ್ಕಳಿಗೆ ಬೇಜಾರು. ಬ್ಯಾಡ್ಮಿಂಟನ್ ಅಂಗಳವಿದೆ, ಆಡುವ ಸಾಮಾನು ಸಿಗುತ್ತಿಲ್ಲ. ಪ್ರಿಚರ್ಡ್ ಮತ್ತು ಗೆಳೆಯ ಬಿಲ್ ಬೆಲ್ ಕೈಗೆ ಸಿಕ್ಕ ಟೇಬಲ್ ಟೆನಿಸ್ ಬ್ಯಾಟು, ತೂತಿನ ಚೆಂಡು ಹಿಡಿದು ಆಟ ಶುರು ಮಾಡಿದರು. ಇನ್ನೊಬ್ಬ ಗೆಳೆಯ ಬಾರ್ನಿ ಮೆಕ್ಯಾಲಮ್ ಸೇರಿಕೊಂಡರು. ಮೂವರೂ ಕೂತು ನಿಯಮ ಕಟ್ಟಿದರು. ಪಿಕಲ್ ಅಂದರೆ ಉಪ್ಪಿನಕಾಯಿ ನಿಜ, ಆದರೆ ಭರಣಿಗೂ ಇದಕ್ಕೂ ಸಂಬಂಧವಿಲ್ಲ. ದೋಣಿ ಪಂದ್ಯಗಳಲ್ಲಿ ಬೇರೆ ಬೇರೆ ತಂಡಗಳಲ್ಲಿ ಮಿಕ್ಕ ಹುಟ್ಟುಗಾರರನ್ನೆಲ್ಲ ಕೂಡಿಸಿ ಒಂದು ದೋಣಿ ಮಾಡುತ್ತಾರೆ, ಅದಕ್ಕೆ 'ಪಿಕಲ್ ಬೋಟ್' ಅನ್ನುತ್ತಾರೆ. ಮಿಕ್ಕ ಸಾಮಾನಿನಿಂದ ಕೂಡಿಸಿದ ಆಟವಾದ್ದರಿಂದ ಪ್ರಿಚರ್ಡ್ ಅವರ ಹೆಂಡತಿ ಜೋನ್ ಆ ಹೆಸರಿಟ್ಟರು. ಮನೆಯ ನಾಯಿಯ ಹೆಸರು ಎಂಬ ಇನ್ನೊಂದು ಕತೆಯೂ ಓಡಾಡುತ್ತದೆ. ಮನೆಯವರ ಪ್ರಕಾರ ನಾಯಿ ಬಂದದ್ದು ಆಮೇಲೆ.

ಭಾರತಕ್ಕೆ ಈ ಆಟ ಬಂದದ್ದು ನಮ್ಮ ಮುಂಬಯಿಯ ಮೂಲಕವೇ. ಸುನಿಲ್ ವಾಲಾವಲ್ಕರ್ ಎಂಬವರು 1999ರಲ್ಲಿ ಕೆನಡಾಕ್ಕೆ ಹೋದಾಗ ಇದನ್ನು ಕಂಡರು. ಮುಂದೆ ಪ್ಯಾಡಲ್ಲು, ಚೆಂಡು ತಂದು ಇಲ್ಲಿ ಕಲಿಸತೊಡಗಿದರು. 2008ರಲ್ಲಿ ಅಖಿಲ ಭಾರತ ಪಿಕಲ್‌ಬಾಲ್ ಅಸೋಸಿಯೇಷನ್ ಕಟ್ಟಿದರು. ಬಹಳ ವರ್ಷ ಯಾರೂ ತಿರುಗಿ ನೋಡದಿದ್ದ ಆಟಕ್ಕೆ ಈಗ ಊರೆಲ್ಲ ಹುಚ್ಚು. 2025ರ ಆರಂಭದಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ವರ್ಲ್ಡ್ ಪಿಕಲ್‌ಬಾಲ್ ಲೀಗ್ ಮೊದಲ ಸಲ ನಡೆದಾಗ ಕಪ್ ಗೆದ್ದದ್ದು ಬೆಂಗಳೂರು ಜವಾನ್ಸ್. ಅವತ್ತು ನಮ್ಮ ಅಂಗಳದಲ್ಲಿದ್ದ ಎರಡೂವರೆ ಕನ್ನಡಿಗರು ಗಂಟಲು ಹರಿಯುವಂತೆ ಕೂಗಿದ್ದೆವು. ಅರ್ಧ ಅಂದದ್ದು ನನ್ನ ಆರು ವರ್ಷದ ಮಗನಿಗೆ.

ಇನ್ನೊಬ್ಬರು ಯಾರು? ಅವರೇ ಈ ಮಾತಿನ ಮುಖ್ಯ ಪಾತ್ರ. ಧಾರವಾಡದ ಕಡೆಯವರು, ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ನಿವೃತ್ತರಾದವರು, ವಯಸ್ಸು ಅರವತ್ತನಾಲ್ಕು. ಕಟ್ಟಡದ ಮರಾಠಿ ಮಕ್ಕಳೆಲ್ಲ ಅವರನ್ನು 'ಕಾಕು' ಅನ್ನುತ್ತಾರೆ. ಧಾರವಾಡದಲ್ಲೂ ಕಾಕುವೇ ಆದ್ದರಿಂದ ಅವರಿಗೆ ಊರು ಬದಲಾಯಿಸಿದ ಹಾಗೇ ಆಗಿಲ್ಲ. ಡಬಲ್ಸಿನಲ್ಲಿ ನನ್ನ ಜೋಡಿ ಅವರೇ. ಓಡುವುದಿಲ್ಲ. ಬಲೆಯ ಹತ್ತಿರ ನಿಂತು ಮಣಿಕಟ್ಟು ಅಲ್ಲಾಡಿಸುತ್ತಾರೆ, ಚೆಂಡು ಎದುರಿನವರ ಕಾಲಬುಡದಲ್ಲಿ ಬಿದ್ದು ಸಾಯುತ್ತದೆ.

ಬಲೆಯಿಂದ ಏಳಡಿಯ ಆ ಪಟ್ಟಿಗೆ ಆಟದಲ್ಲಿ 'ಕಿಚನ್' ಎಂದೇ ಹೆಸರು. ಅಡುಗೆಮನೆ! ಅದರೊಳಗೆ ನಿಂತು, ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯುವಂತಿಲ್ಲ. ಗೆರೆಯನ್ನು ತುಳಿದರೂ ತಪ್ಪೇ. ಬಲವಿರುವವನು ಬಲೆಗೆ ಆತುಕೊಂಡು ಎಲ್ಲವನ್ನೂ ಚಚ್ಚಿಬಿಡಬಾರದು ಎಂದು ಈ ಏರ್ಪಾಡು. ಸರ್ವ್ ಆದ ಮೇಲೆ ಆ ಕಡೆ ಒಂದು ಸಲ, ಈ ಕಡೆ ಒಂದು ಸಲ ಚೆಂಡು ನೆಲಕ್ಕೆ ಬೀಳಲೇಬೇಕು ಎಂಬ ನಿಯಮವೂ ಇದೆ. ಅದಕ್ಕೇ ಅರವತ್ತನಾಲ್ಕರ ಕಾಕು ಹತ್ತೊಂಬತ್ತರ ಹುಡುಗನ ಎದುರು ನಿಲ್ಲಬಲ್ಲರು.

ಚೆಂಡಿನ ಟಕ್ ಟಕ್ ಸದ್ದು ಜೋರು. ಮೊದಲ ತಿಂಗಳೇ ಒಂದನೇ ಮಹಡಿಯ ಆಜೋಬಾ ದೂರು ಬರೆದರು. ನಾವು ಉತ್ತರ ಬರೆಯಲು ಕೂತಿದ್ದೆವು. ಅಷ್ಟರಲ್ಲಿ ಕಾಕು ಮೇಲೆ ಹೋಗಿ, ಅವರು ಎಷ್ಟು ಗಂಟೆಗೆ ಏಳುತ್ತಾರೆ ಎಂದು ಕೇಳಿಕೊಂಡು ಬಂದಿದ್ದರು. ಅಂದಿನಿಂದ ಏಳಕ್ಕೆ ಶುರು, ಎಂಟೂವರೆಗೆ ಬಂದ್. ಮಳೆಗಾಲದಲ್ಲಿ ಫರಶಿ ಜಾರುವುದರಿಂದ ಆಟವೇ ಇಲ್ಲ.

ಇನ್ನು ಎರಡು ನಿಯಮಗಳನ್ನು ಹೇಳಿದರೆ ನನ್ನ ಕತೆ ನಿಮಗೆ ಅರ್ಥವಾಗುತ್ತದೆ.

ಒಂದು: ಸರ್ವ್ ಮಾಡುವ ಮೊದಲು ಸ್ಕೋರನ್ನು ಗಟ್ಟಿಯಾಗಿ ಹೇಳಬೇಕು. ಡಬಲ್ಸಿನಲ್ಲಿ ಮೂರು ಅಂಕಿ: ನಮ್ಮದು, ಎದುರಿನವರದು, ಜೋಡಿಯಲ್ಲಿ ಸರ್ವ್ ಮಾಡುತ್ತಿರುವವರು ಮೊದಲನೆಯವರೋ ಎರಡನೆಯವರೋ ಎಂಬುದು. ಸಾಮಾನ್ಯವಾಗಿ ಜೋಡಿಯ ಇಬ್ಬರಿಗೂ ಸರ್ವ್ ಸಿಗುತ್ತದೆ. ಆದರೆ ಆಟ ಶುರುಮಾಡುವ ಜೋಡಿಗೆ ಮೊದಲ ಸರದಿಯಲ್ಲಿ ಒಬ್ಬರದೇ ಸರ್ವ್. ಮೊದಲು ಹೋಗುವುದೇ ಒಂದು ಲಾಭವಾದ್ದರಿಂದ ಅರ್ಧ ಅವಕಾಶ ಬಿಟ್ಟುಕೊಡಬೇಕು. ಹಾಗಾಗಿ ಆಟ ಶುರುವಾಗುವುದೇ 'ಸೊನ್ನೆ, ಸೊನ್ನೆ, ಎರಡು' ಎಂದು.

ಎರಡು: ನಾವು ಆಡುವಂಥ ಆಟಗಳಲ್ಲಿ ಅಂಪೈರ್ ಇರುವುದಿಲ್ಲ. ಚೆಂಡು ನಮ್ಮ ಕಡೆ ಬಿದ್ದರೆ ಅದು ಒಳಗೋ ಹೊರಗೋ ಎಂದು ನಾವೇ ಹೇಳಬೇಕು. ಗೆರೆ ಮುಟ್ಟಿದ್ದರೆ ಒಳಗೆ. ಸಂಶಯವಿದ್ದರೆ ಲಾಭ ಎದುರಾಳಿಗೆ. ಜೋಡಿಯಲ್ಲಿ ಒಬ್ಬರು 'ಔಟ್' ಎಂದು ಇನ್ನೊಬ್ಬರು 'ಇನ್' ಎಂದರೆ, ಸಂಶಯ ಹುಟ್ಟಿತೆಂದೇ ಲೆಕ್ಕ. ಪಾಯಿಂಟು ಅವರಿಗೆ ಹೋಗುತ್ತದೆ.

ಬಂಧುಗಳೇ, ಈಗ ಸ್ವಲ್ಪ ಹೊತ್ತು ಅಂಗಳ ಬಿಟ್ಟು ನಮ್ಮ ಸ್ಟುಡಿಯೋಕ್ಕೆ ಬನ್ನಿ.

ನಮ್ಮ ಕಾರ್ಯಕ್ರಮದಲ್ಲಿ ಕನ್ನಡ ಸಂಘಗಳ ಸೂಚನೆಗಳನ್ನು ಓದುವ ಐದು ನಿಮಿಷದ ಭಾಗವಿದೆ. ಸಂಘಗಳಿಂದ ಬಂದ ಪತ್ರ ನೋಡಿ ಓದುವ ಹಾಳೆಯನ್ನು ಟೈಪ್ ಮಾಡುವುದು ನನ್ನ ಕೆಲಸ. ಒಂದು ಸಂಘ ಹತ್ತನೇ ತರಗತಿ ಪಾಸಾದ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತದೆ. ಅರ್ಜಿಗೆ ಕೊನೆಯ ದಿನ 12 ಎಂದು ಪತ್ರದಲ್ಲಿತ್ತು. ನಾನು 21 ಎಂದು ಹೊಡೆದೆ. ಮೈಕಿನ ಮುಂದೆ ಅದನ್ನು ಓದಿದ್ದು ನಾನಲ್ಲ, ನಮ್ಮಲ್ಲಿಗೆ ಹೊಸದಾಗಿ ಬಂದಿದ್ದ ಹುಡುಗಿ. ಡೊಂಬಿವಲಿಯಿಂದ ಬರುವ ಕ್ಯಾಶುವಲ್ ಅನೌನ್ಸರ್. ಎಷ್ಟು ಡ್ಯೂಟಿಯೋ ಅಷ್ಟೇ ದುಡ್ಡು. ಹಾಳೆಯಲ್ಲಿದ್ದುದನ್ನು ಸ್ಪಷ್ಟವಾಗಿ, ಎರಡು ಸಲ, ಒಳ್ಳೆಯ ಉಚ್ಚಾರದಲ್ಲಿ ಓದಿದಳು: 'ಇಪ್ಪತ್ತೊಂದನೇ ತಾರೀಖು'.

ಹದಿನಾರಕ್ಕೆ ಕಲ್ಯಾಣದಿಂದ ಕೇಳುಗರೊಬ್ಬರ ಫೋನ್ ಬಂತು. ಕೆಲಸಕ್ಕೆ ರಜೆ ಹಾಕಿ, ಮಗಳ ಅಂಕಪಟ್ಟಿ ಹಿಡಿದುಕೊಂಡು, ಎರಡು ಲೋಕಲ್ ಬದಲಿಸಿ ಸಂಘಕ್ಕೆ ಹೋದರೆ 'ಮುಗಿದು ನಾಲ್ಕು ದಿನವಾಯಿತು' ಎಂದರಂತೆ. ಇನ್ನೂ ಎರಡು ಮನೆಯವರಿಗೆ ಹೀಗೇ ಆಗಿತ್ತು. ನಮ್ಮ ಅಧಿಕಾರಿ ಕರೆದರು. ಲಾಗ್ ಬುಕ್ ತೆರೆದು, ಅವತ್ತು ಮೈಕಿನಲ್ಲಿದ್ದವರು ಯಾರು ಎಂದು ನೋಡಿದರು. ಅಲ್ಲಿ ಬರೆದಿದ್ದುದು ಅವಳ ಹೆಸರು.

ಆಗ ನಾನು ಸುಮ್ಮನಿದ್ದೆ ಎಂದು ಹೇಳಿದರೆ ಅದೂ ಪೂರ್ತಿ ನಿಜವಲ್ಲ. ನಾನು ಅಂದದ್ದು ಹೀಗೆ: 'ಹೊಸಬಳು ಸರ್, ಇರಲಿ ಬಿಡಿ. ಇನ್ನೊಮ್ಮೆ ಹೀಗಾಗದ ಹಾಗೆ ನಾನು ನೋಡಿಕೊಳ್ಳುತ್ತೇನೆ.'

ಕೇಳಲು ಎಷ್ಟು ಚೆನ್ನಾಗಿದೆ ನೋಡಿ! ಕೈಕೆಳಗಿನವರನ್ನು ಕಾಪಾಡುವ ಹಿರಿಯಳ ಮಾತು. ಅಧಿಕಾರಿಗೂ ಹಾಗೇ ಅನ್ನಿಸಿರಬೇಕು, ತಲೆದೂಗಿದರು. ಮುಂದಿನ ತಿಂಗಳ ಡ್ಯೂಟಿ ಪಟ್ಟಿ ಬಂದಾಗ ಅವಳಿಗೆ ಆರರ ಬದಲು ಎರಡು ದಿನ ಇತ್ತು. ಆ ಹಾಳೆಯನ್ನು ಟೈಪ್ ಮಾಡಿದ್ದು ಯಾರೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ಮಾತು ಆಡಲಿಲ್ಲ. ಆಡಿದ್ದರೆ ಇದ್ದ ಎರಡೂ ಹೋಗಬಹುದೆಂಬ ಹೆದರಿಕೆ ಇದ್ದೀತು. ನಾನೋ, 'ತಿಂಗಳು ಕಳೆದರೆ ಎಲ್ಲ ಸರಿಹೋಗುತ್ತದೆ, ಬೇರೆ ಡ್ಯೂಟಿ ಕೊಡಿಸಿದರಾಯಿತು' ಎಂದು ಸಮಾಧಾನ ಮಾಡಿಕೊಂಡೆ. ನನಗೆ ನಾನೇ.

ಆ ವಾರದ ಭಾನುವಾರ ನಮ್ಮ ಅಂಗಳದಲ್ಲಿ ಪಕ್ಕದ ಗಲ್ಲಿಯವರೊಂದಿಗೆ ಪಂದ್ಯ. ಹನ್ನೊಂದು ಪಾಯಿಂಟಿನ ಆಟ, ಎರಡರ ಅಂತರದಲ್ಲಿ ಗೆಲ್ಲಬೇಕು. ನಾವು ಒಂಬತ್ತು, ಅವರು ಹತ್ತು, ಸರ್ವ್ ಅವರದು. ಕಾಕು ಅಡುಗೆಮನೆಯ ಗೆರೆಯ ಹಿಂದೆ, ನಾನು ಹಿಂದಿನ ಗೆರೆಯ ಹತ್ತಿರ. ಅಲ್ಲಿಂದ ಕಾಂಪೌಂಡ್ ಗೋಡೆಗೆ ನಾಲ್ಕೇ ಅಡಿ. ನಾಲ್ಕೈದು ಹೊಡೆತ ಆದ ಮೇಲೆ ಎದುರಿನ ಹುಡುಗ ಚೆಂಡನ್ನು ಎತ್ತರಕ್ಕೆ ಎತ್ತಿ ಹಾಕಿದ. ನಾನು ಹಿಂದೆ ಸರಿದೆ, ಮುಟ್ಟದೆ ಬಿಟ್ಟೆ, ಚೆಂಡು ಬಿತ್ತು.

'ಔಟ್!' ಎಂದು ಕೂಗಿದೆ. ಕೂಗುವುದು ನನ್ನ ವೃತ್ತಿಯಲ್ಲವೇ, ಗಲ್ಲಿಯ ತುದಿಗೆ ಕೇಳಿಸಿರಬೇಕು.

ಎದುರಿನವರಿಗೆ ಅಲ್ಲಿಂದ ಕಾಣುವಂತಿರಲಿಲ್ಲ. ಅವರು ಒಪ್ಪಿಕೊಂಡು ಚೆಂಡಿಗಾಗಿ ಕೈ ಚಾಚಿದ್ದರು. ಕಾಕು ಮಾತ್ರ ತಿರುಗಿ ನಿಂತಿದ್ದರು.

'ಲೈನ್ ಮ್ಯಾಲೇ ಬಿದ್ದೈತಿ, ತಂಗಿ.'

'ಇಲ್ಲ ಕಾಕು, ಔಟ್.'

'ನಾ ನೋಡೇನಿ. ಪಾಯಿಂಟ್ ಅವರ್ದು.' ಅಷ್ಟು ಹೇಳಿ ಬಲೆಯ ಕಡೆ ನಡೆದು, ಪ್ಯಾಡಲ್ ಮುಂದೆ ಮಾಡಿ, ಆಟ ಮುಗಿಸುವ ನಮಸ್ಕಾರ ಹೇಳಿಬಿಟ್ಟರು. ಒಬ್ಬರು ಇನ್, ಒಬ್ಬರು ಔಟ್ ಎಂದರೆ ಪಾಯಿಂಟು ಯಾರಿಗೆಂದು ಆಗಲೇ ಹೇಳಿದೆನಲ್ಲ. ಹನ್ನೊಂದು–ಒಂಬತ್ತು. ಸೋತೆವು.

ಬಂಧುಗಳೇ, ಕಾಕುವಿಗೆ ಕಂಡದ್ದು ನನಗೂ ಕಂಡಿತ್ತು. ಚೆಂಡು ಗೆರೆಗೇ ತಗಲಿ ಎದ್ದಿತ್ತು. ಆಮೇಲೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಾಗ ನಾನೇ ಕೇಳಿದೆ: 'ಜೋಡಿ ಆಗಿ ನನ್ನ ಮಾತು ಎಲ್ಲರೆದುರಿಗೆ ತೆಗೆದುಹಾಕಿದಿರಲ್ಲ ಕಾಕು, ನನಗೆ ಹೇಗಾಗಿರಬೇಡ?'

ಅವರು ಬ್ಯಾಂಕಿನ ಮಾತು ತೆಗೆದರು. ಸಂಜೆ ಕ್ಯಾಷ್ ತಾಳೆಯಾಗದಿದ್ದರೆ ಏನು ಮಾಡುತ್ತಿದ್ದರು ಎಂದು. ಕಡಿಮೆ ಬಿದ್ದ ದಿನ ಕೈಯಿಂದ ಕಟ್ಟಬೇಕಿತ್ತು, ಅದು ನೋವಿನದು, ಆದರೆ ಸುಲಭ. ಹೆಚ್ಚು ಬಂದ ದಿನವೇ ಕಷ್ಟ. ಯಾರಿಗೂ ಗೊತ್ತಿಲ್ಲ, ಯಾರೂ ಕೇಳಿಲ್ಲ, ಯಾರೋ ಗಿರಾಕಿ ಕಡಿಮೆ ತೆಗೆದುಕೊಂಡು ಹೋಗಿದ್ದಾನೆ. 'ಅವತ್ತ ಸಂಜೀನ ಬರೀಬೇಕು ನೋಡು. ಮರುದಿನ ಬರದ್ರ ಅದು ಬ್ಯಾರೆ ಲೆಕ್ಕ ಆಗ್ತದ' ಎಂದರು. ನನ್ನ ಆಫೀಸಿನ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಇವತ್ತಿಗೂ, ಈ ಮಾತು ರೇಡಿಯೋದಲ್ಲಿ ಕೇಳುವವರೆಗೆ, ಗೊತ್ತಿರಲಿಲ್ಲ.

ನನಗಾಗಲೇ ಮರುದಿನವೆಲ್ಲ ಕಳೆದು ಹೋಗಿತ್ತು. ಆದರೂ ಸೋಮವಾರ ಹೋಗಿ ಸಂಘದ ಮೂಲ ಪತ್ರ, ನಾನು ಟೈಪ್ ಮಾಡಿದ ಹಾಳೆ ಎರಡನ್ನೂ ಅಧಿಕಾರಿಯ ಮೇಜಿನ ಮೇಲಿಟ್ಟೆ. ಅವರು ಎರಡನ್ನೂ ನೋಡಿ, 'ಅವತ್ತೇ ಹೇಳಬಹುದಿತ್ತಲ್ಲ' ಎಂದರು. ಬೈದಿದ್ದರೆ ಚೆನ್ನಾಗಿತ್ತು. ಲಾಗ್ ಬುಕ್ಕಿನಲ್ಲಿ ಆ ತಾರೀಖಿನ ಪುಟದಲ್ಲಿ ತಪ್ಪು ನನ್ನದೆಂದು ನನ್ನ ಕೈಯಾರೆ ಬರೆದು ಸಹಿ ಮಾಡಿದೆ. ಮುಂದಿನ ಕಾರ್ಯಕ್ರಮದಲ್ಲಿ, ಸೂಚನೆಗಳಿಗೆ ಮೊದಲು, ತಾರೀಖು ತಪ್ಪಿದ್ದು ಹೇಗೆ, ತಪ್ಪಿಸಿದ್ದು ಯಾರು ಎಂದು ಓದಿದೆ. ಆ ನಾಲ್ಕು ವಾಕ್ಯ ಓದುವಾಗ ನನ್ನ ದನಿ ನಡುಗಿದ್ದನ್ನು ನಿಮ್ಮಲ್ಲಿ ಕೆಲವರು ಗುರುತಿಸಿ ಬರೆದಿದ್ದೀರಿ.

ಸಂಘದವರಿಗೆ ಫೋನ್ ಮಾಡಿದೆ. ಸಜ್ಜನರು, ಎರಡು ಅರ್ಜಿಗಳನ್ನು ತೆಗೆದುಕೊಂಡರು. ಕಲ್ಯಾಣದ ಹುಡುಗಿಯದು ಆಗಲಿಲ್ಲ. ಅವಳು ಓದುವ ವಿಭಾಗದ ಹಣ ಅಷ್ಟರಲ್ಲಿ ಹಂಚಿ ಮುಗಿದಿತ್ತು. ನಾನು ಮೊದಲ ದಿನವೇ ಬಾಯಿ ಬಿಟ್ಟಿದ್ದರೆ ಹಂಚಿ ಮುಗಿದಿರುತ್ತಿರಲಿಲ್ಲ. ಅವಳ ತಂದೆಗೆ ನಾನೇ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. 'ಹೇಳಿದ್ದು ಒಳ್ಳೇದಾಯ್ತು ಮೇಡಂ. ಫೀಸು ಕಟ್ಟಿ ಆಯ್ತು. ಸಾಲ ಮಾಡಿದ್ದೀನಿ' ಎಂದರು. ಮತ್ತೇನು ಹೇಳಬೇಕೆಂದು ನನಗೆ ತಿಳಿಯಲಿಲ್ಲ. ಮುಂದಿನ ವರ್ಷದ ಅರ್ಜಿಯನ್ನು ನಾನೇ ಅವರ ಮನೆಗೆ ತಲುಪಿಸುತ್ತೇನೆ ಎಂದು ಹೇಳಿದ್ದೇನೆ. ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಯೂ ಇಟ್ಟಿದ್ದೇನೆ.

ನಮ್ಮ ಹುಡುಗಿಗೆ ಮರುತಿಂಗಳು ಮತ್ತೆ ಆರು ಡ್ಯೂಟಿ ಬಂದವು. ಈ ಮಾತು ಆಡುವ ಮೊದಲು ಅವಳ ಒಪ್ಪಿಗೆ ಕೇಳಿದೆ. 'ಹೆಸರು ಬೇಡ ಮೇಡಂ' ಎಂದಳು, ಅಷ್ಟೇ. ಹಿಂದಿನ ಹಾಗೆ ಊಟದ ಡಬ್ಬಿ ಹಂಚಿಕೊಳ್ಳಲು ನನ್ನ ಮೇಜಿಗೆ ಬರುವುದಿಲ್ಲ. ನಾನು ಹಾಳೆ ಕೊಟ್ಟರೆ ಮೂಲ ಪತ್ರಗಳನ್ನೂ ಕೇಳಿ ತೆಗೆದುಕೊಳ್ಳುತ್ತಾಳೆ. ನನ್ನೆದುರೇ ಕೂತು, ಪ್ರತಿ ತಾರೀಖಿನ ಕೆಳಗೂ ಪೆನ್ನಿನಿಂದ ಗೆರೆ ಎಳೆದು ತಾಳೆ ನೋಡುತ್ತಾಳೆ. ಹೋದ ವಾರ ಒಂದು ಫೋನ್ ನಂಬರಿನಲ್ಲಿ ತಪ್ಪು ಹಿಡಿದಳು. ತಪ್ಪು ನನ್ನದೇ. ಈಗ ಲಾಗ್ ಬುಕ್ಕಿನಲ್ಲಿ ಓದಿದವರ ಹೆಸರಿನ ಪಕ್ಕದಲ್ಲಿ ಹಾಳೆ ಸಿದ್ಧಮಾಡಿದವರ ಹೆಸರನ್ನೂ ಬರೆಯುತ್ತೇವೆ. ಅದು ಅವಳ ಸಲಹೆ.

ಕಾಕು ಕಾರ್ಯಕ್ರಮ ಕೇಳಿದ ಮರುದಿನ ಬೆಳಿಗ್ಗೆ ಮೆಟ್ಟಿಲಲ್ಲಿ ಸಿಕ್ಕರು. ಏನಾದರೂ ಹೇಳುತ್ತಾರೇನೋ ಎಂದು ಕಾದೆ. 'ನಿನ್ನ ಬ್ಯಾಕ್‌ಹ್ಯಾಂಡ್ ಭಾಳ ಹಾಳಾಗೇದ' ಎಂದರು. ಕೆಳಗೆ ಹೋದರೆ ಒಂದು ಕಾರು ಇನ್ನೂ ತೆಗೆದಿರಲಿಲ್ಲ. ಅದರ ಮಾಲೀಕರನ್ನು ಎಬ್ಬಿಸಿ, ತೆಗೆಸಿ, ಬಲೆ ಕಟ್ಟುವಾಗ ಏಳೂ ಕಾಲು. ಸರ್ವ್ ನಮ್ಮದು. ಕಾಕು ಚೆಂಡು ಹಿಡಿದುಕೊಂಡು, ಒಂದನೇ ಮಹಡಿಯ ಆಜೋಬಾರಿಗೂ ಕೇಳುವಷ್ಟು ಗಟ್ಟಿಯಾಗಿ, ಅಚ್ಚ ಧಾರವಾಡದ ಕನ್ನಡದಲ್ಲಿ ಕೂಗಿದರು: 'ಸೊನ್ನಿ, ಸೊನ್ನಿ, ಎರಡು!'